ಆಟೋಮೊಬೈಲ್ ಇಂಡಸ್ಟ್ರೀಲಿ ಯಾರ ಕೈ ಮೇಲು? ಸ್ಪರ್ಧೆ ಮತ್ತು ಸಪ್ಲೈಯರ್ ಪವರ್ ಅಳೆಯೋ ಸಮಗ್ರ ಮಾರ್ಗದರ್ಶಿ

ಆಟೋಮೊಬೈಲ್ ಇಂಡಸ್ಟ್ರಿಯ ಫೈವ್ ಫೋರ್ಸಸ್ ಅನಾಲಿಸಿಸ್ (ಪೈಪೋಟಿ, ಹೊಸಬರು, ಗಿರಾಕಿಗಳು, ಬದಲಿ ದಾರಿಗಳು, ಸಪ್ಲೈಯರ್, ಈ ಐದರ ಒತ್ತಡ ಎಷ್ಟು ಅಂತ ಅಳೆಯೋ ಲೆಕ್ಕ) ಅಂತ ಹುಡುಕಿದ್ರೆ ಹೆಚ್ಚುಕಮ್ಮಿ ಎಲ್ಲಾ ಒಂದೇ ಥರ ಇರತ್ತೆ. ಐದು ಬಾಕ್ಸ್, ಒಂದೊಂದರೊಳಗೆ ಹೈ, ಮೀಡಿಯಂ, ಲೋ ಅಂತ ಒಂದು ಪದ, ಮುಗೀತು. ಸಪ್ಲೈಯರ್ ಬಾಕ್ಸ್‌ನಲ್ಲಂತೂ ಕಣ್ಮುಚ್ಕೊಂಡು ಲೋ ಅಂತ ಬರ್ದಿರ್ತಾರೆ, ಯಾಕೆ ಅಂದ್ರೆ ಸಪ್ಲೈಯರ್‌ಗಳು ಸಾವಿರಾರು, ಕಾರ್ ಕಂಪನಿಗಳು ಕೆಲವೇ ಕೆಲವು, ಹಾಗಾಗಿ ಕಾರ್ ಕಂಪನಿ ಹೇಳಿದ್ದೇ ರೇಟು ಅಂತ. ಇದೇ ಇಂಡಸ್ಟ್ರೀಲಿ 2021ರಲ್ಲಿ ಚಿಪ್ ಸಿಗದೆ ಪ್ರಪಂಚದ ದೊಡ್ಡ ದೊಡ್ಡ ಫ್ಯಾಕ್ಟರಿಗಳು ಲೈನ್ ನಿಲ್ಲಿಸಿ ಕೂತಿದ್ವು. ಆಲಿಕ್ಸ್‌ಪಾರ್ಟ್ನರ್ಸ್ ಕನ್ಸಲ್ಟಿಂಗ್ ಸಂಸ್ಥೆ ಆ ವರ್ಷ ಹಾಕಿದ ಅಂದಾಜಿನ ಪ್ರಕಾರ 77 ಲಕ್ಷ ಗಾಡಿ ತಯಾರಾಗ್ಲಿಲ್ಲ, ಸುಮಾರು 21,000 ಕೋಟಿ ಡಾಲರ್ ಆದಾಯ ಹೋಯ್ತು. ಲೋ ಅಂತ ಬರೆದ ಬಾಕ್ಸ್ ಇಷ್ಟು ಹೊಡೆತ ಕೊಡೋಕೆ ಹೇಗಾಯ್ತು?

ನನ್ನ ಪ್ರಕಾರ ತಪ್ಪಾಗೋದು ಬಾಕ್ಸ್ ಅನ್ನೋ ಲೆಕ್ಕದಲ್ಲೇ. ಸಪ್ಲೈಯರ್ ಪವರ್, ಅಂದ್ರೆ ಪಾರ್ಟ್ ಕೊಡೋನು ತನ್ನ ಮಾತು ನಡೆಸ್ಕೊಳ್ಳೋ ಶಕ್ತಿ, ಇಡೀ ಇಂಡಸ್ಟ್ರಿಗೆ ಒಂದೇ ಅಂತ ಇರಲ್ಲ, ಪಾರ್ಟ್‌ನಿಂದ ಪಾರ್ಟ್‌ಗೆ ಬದಲಾಗತ್ತೆ. ಅದಕ್ಕೆ ಈ ಗೈಡ್‌ನಲ್ಲಿ ಉಳಿದ ನಾಲ್ಕು ಫೋರ್ಸ್‌ಗಳನ್ನ ಬೇಕಾದಷ್ಟು ಮಾತ್ರ ನೋಡಿ, ಸಪ್ಲೈಯರ್ ಹತ್ರ ಜಾಸ್ತಿ ಹೊತ್ತು ನಿಲ್ತೀವಿ. ಎಂಬಿಎ ಅಸೈನ್‌ಮೆಂಟ್ ಆಗ್ಲಿ, ಷೇರು ತಗೊಳ್ಳೋಕೆ ಮುಂಚೆ ಓದೋದಾಗ್ಲಿ, ಪರ್ಚೇಸ್ ಡಿಪಾರ್ಟ್‌ಮೆಂಟ್ ಕೆಲಸ ಆಗ್ಲಿ, ವಿಧಾನ ಇದೇ.

ಹಂತ 1: ಮೊದಲು ಗಡಿ ಹಾಕಿ

ಹಾರ್ವರ್ಡ್ ಪ್ರೊಫೆಸರ್ ಮೈಕಲ್ ಪೋರ್ಟರ್ 1979ರಲ್ಲಿ ಈ ಐದು ಫೋರ್ಸ್‌ಗಳ ಚೌಕಟ್ಟು ಕೊಟ್ಟಾಗಿಂದ ಜನ ಮಾಡ್ತಿರೋ ಎಡವಟ್ಟು ಅಂದ್ರೆ ಗಡಿ ಹಾಕದೆ ಶುರು ಮಾಡೋದು. 'ಆಟೋಮೊಬೈಲ್ ಇಂಡಸ್ಟ್ರಿ' ಅನ್ನೋದು ತುಂಬಾ ದೊಡ್ಡ ಪದ. ಫೆರಾರಿ 2024ರಲ್ಲಿ ಮಾರಿದ್ದು 13,752 ಕಾರು ಅಷ್ಟೇ, ಆದ್ರೆ ಆಪರೇಟಿಂಗ್ ಮಾರ್ಜಿನ್ (ಆದಾಯದಲ್ಲಿ ವ್ಯಾಪಾರದ ಖರ್ಚು ಕಳೆದು ಉಳಿಯೋ ಪಾಲು) 28%ರ ಹತ್ರ. ಟೊಯೋಟಾ ಗ್ರೂಪ್ ಅದೇ ವರ್ಷ ಒಂದು ಕೋಟಿಗಿಂತ ಜಾಸ್ತಿ ಗಾಡಿ ಮಾರಿದೆ. ಇವೆರಡನ್ನೂ ಒಂದೇ ಟೇಬಲ್‌ಗೆ ಹಾಕಿ 'ಪೈಪೋಟಿ ಹೈ' ಅಂತ ಬರೆದ್ರೆ ಎರಡರ ಬಗ್ಗೇನೂ ಏನೂ ಹೇಳಿದಂಗೆ ಆಗಲ್ಲ.

ಹಾಗಾಗಿ ಮೂರು ವಿಷಯ ಬರ್ದಿಟ್ಕೊಳ್ಳಿ. ಯಾವ ಸೆಗ್ಮೆಂಟ್ (ಸಾಮಾನ್ಯ ಕಾರಾ, ಲಕ್ಷುರಿನಾ, ಟ್ರಕ್ಕಾ, ಎಲೆಕ್ಟ್ರಿಕ್ಕಾ), ಯಾವ ಮಾರ್ಕೆಟ್, ಎಷ್ಟು ವರ್ಷದ ಲೆಕ್ಕ. ಮೂರನೇದನ್ನ ಎಲ್ಲರೂ ಮರೀತಾರೆ. ಒಂದು ಕಾರ್ ಮಾಡೆಲ್ ಡಿಸೈನ್ ಆಗಿ, ಮಾರಾಟಕ್ಕೆ ಬಂದು, ನಿಲ್ಲೋ ಹೊತ್ತಿಗೆ ಹತ್ತು ವರ್ಷದ ಹತ್ರ ಆಗಿರತ್ತೆ, ಸಪ್ಲೈಯರ್ ಆಯ್ಕೆ ಡಿಸೈನ್ ಟೈಮಲ್ಲೇ ಆಗ್ಬಿಡತ್ತೆ, ಅಂದ್ರೆ ಇವತ್ತು ಕಾಣೋ ಪವರ್‌ಗೆ ಕಾರಣ ಎಷ್ಟೋ ವರ್ಷದ ಹಿಂದೆ ಸೈನ್ ಆದ ಕಾಂಟ್ರಾಕ್ಟು.

ಹಂತ 2: ಪೈಪೋಟಿ ಯಾಕೆ ಇಷ್ಟು ಕ್ರೂರ ಅಂತ ಅರ್ಥ ಮಾಡ್ಕೊಳ್ಳಿ

ಎಷ್ಟು ಬ್ರ್ಯಾಂಡ್ ಇದೆ ಅಂತ ಎಣಿಸಿದ್ರೆ ಸಾಲಲ್ಲ. ಕಾರ್ ಫ್ಯಾಕ್ಟರಿಯ ಖರ್ಚಲ್ಲಿ ದೊಡ್ಡ ಭಾಗ ಫಿಕ್ಸೆಡ್: ಪ್ರೆಸ್ ಶಾಪ್, ಪೇಂಟ್ ಶಾಪ್, ಡೈ (ಪಾರ್ಟ್‌ಗೆ ಆಕಾರ ಕೊಡೋ ಅಚ್ಚು), ರೋಬೋಟು, ಆರ್ ಅಂಡ್ ಡಿ. ಗಾಡಿ ಹೊರಗೆ ಬರ್ಲಿ ಬಿಡ್ಲಿ ಈ ಖರ್ಚು ನಿಲ್ಲಲ್ಲ. ಅದಕ್ಕೆ ಡಿಮ್ಯಾಂಡ್ ಬಿದ್ದಾಗ ಪ್ರೊಡಕ್ಷನ್ ಇಳಿಸೋ ಬದಲು ಡಿಸ್ಕೌಂಟ್ ಕೊಟ್ಟು ಮಾರೋಕೆ ನೋಡ್ತಾರೆ, ಒಬ್ಬ ಇಳಿಸಿದ್ರೆ ಪಕ್ಕದವನೂ ಇಳಿಸ್ಲೇಬೇಕು. ಟೆಸ್ಲಾ 2023ರ ಜನವರಿಲಿ ರೇಟ್ ಇಳಿಸಿದಾಗ ಆಗಿದ್ದು ಇದೇ, ಫೋರ್ಡ್ ಅದೇ ತಿಂಗಳು ಮಸ್ಟ್ಯಾಂಗ್ ಮಾಕ್-ಇ ರೇಟ್ ಇಳಿಸ್ತು.

ಇನ್ನೊಂದು ಕಡೆ ಸೋತವರು ಆಟ ಬಿಟ್ಟು ಹೋಗಲ್ಲ. 2009ರಲ್ಲಿ ಕ್ರೈಸ್ಲರ್, ಜನರಲ್ ಮೋಟಾರ್ಸ್ (ಜಿಎಂ) ಎರಡೂ ದಿವಾಳಿ ಕೋರ್ಟ್‌ಗೆ ಹೋದ್ರೂ ಅಮೆರಿಕ ಸರ್ಕಾರ ದುಡ್ಡು ಹಾಕಿ ಉಳಿಸ್ಕೊಳ್ತು, ಯಾಕಂದ್ರೆ ಲಕ್ಷಾಂತರ ಕೆಲಸ ಅದರ ಜೊತೆ ಕಟ್ಟಿಹಾಕಿತ್ತು. ಕೆಪಾಸಿಟಿ ಹೊರಗೆ ಹೋಗದ ಮಾರ್ಕೆಟ್‌ನಲ್ಲಿ ರೇಟು ಮೇಲೆ ಬರೋದು ಕಷ್ಟ.

ನೋಡ್ಬೇಕಾದ ನಂಬರ್‌ಗಳು: ಫ್ಯಾಕ್ಟರಿ ಕೆಪಾಸಿಟಿಯ ಎಷ್ಟು ಪರ್ಸೆಂಟ್ ಬಳಕೆ ಆಗ್ತಿದೆ, ಡೀಲರ್ ಹತ್ರ ಎಷ್ಟು ದಿನದ ಸ್ಟಾಕ್ ನಿಂತಿದೆ, ಒಂದು ಗಾಡಿಗೆ ಸರಾಸರಿ ಎಷ್ಟು ಡಿಸ್ಕೌಂಟ್ ಹೋಗ್ತಿದೆ. ಮೂರೂ ಒಟ್ಟಿಗೆ ಕೆಡ್ತಾ ಇದ್ರೆ ಪೈಪೋಟಿ ಬಿಸಿ ಏರ್ತಿದೆ ಅಂತ. ಈ ಬಿಸಿ ಕೊನೆಗೆ ಬಂದು ತಟ್ಟೋದು ಸಪ್ಲೈಯರ್‌ಗೆ, ಅದಕ್ಕೇ ಇದನ್ನ ಮೊದಲು ನೋಡಿದ್ದು.

ಹಂತ 3: ಹೊಸಬರು, ಗಿರಾಕಿಗಳು, ಬದಲಿ ದಾರಿಗಳು

ಇಲ್ಲಿ ಜಾಸ್ತಿ ನಿಲ್ಲಲ್ಲ. ಹೊಸಬರಿಗೆ ತಡೆಗೋಡೆ ಎಷ್ಟು ಎತ್ತರ ಅನ್ನೋದಕ್ಕೆ ಟೆಸ್ಲಾ ಸಾಕು: 2003ರಲ್ಲಿ ಶುರು, ಮೊದಲ ಸಲ ಪೂರ್ತಿ ವರ್ಷದ ಲಾಭ ತೋರ್ಸಿದ್ದು 2020ರಲ್ಲಿ. ವ್ಯಾಕ್ಯೂಮ್ ಕ್ಲೀನರ್ ಮಾಡೋ ಡೈಸನ್ ಕಾರ್ ಮಾಡೋಕೆ ಹೋಗಿ 2019ರಲ್ಲಿ ಕೈ ಚೆಲ್ತು, ಆಪಲ್ 2024ರಲ್ಲಿ ತನ್ನ ಕಾರ್ ಪ್ರಾಜೆಕ್ಟ್ ನಿಲ್ಲಿಸ್ತು. ದುಡ್ಡಿಲ್ಲದೆ ನಿಲ್ಸಿದ್ದಲ್ಲ ಆಪಲ್. ಆದ್ರೆ ಶಿಯೋಮಿ ಅದೇ 2024ರಲ್ಲಿ ತನ್ನ ಮೊದಲ ಕಾರು ಎಸ್‌ಯು7 ಮಾರೋಕೆ ಶುರು ಮಾಡ್ತು. ವ್ಯತ್ಯಾಸದ ದೊಡ್ಡ ಪಾಲು ಸಪ್ಲೈ ಚೈನ್‌ನಲ್ಲಿದೆ ಅಂತ ನನಗನ್ಸತ್ತೆ: ಬ್ಯಾಟರಿ, ಮೋಟರ್, ಸೆನ್ಸರ್ ಮಾಡೋರೆಲ್ಲಾ ಚೀನಾದಲ್ಲಿ ರೆಡಿ ಇದ್ರು. ಆಸ್ಟ್ರಿಯಾದ ಗ್ರಾಟ್ಸ್‌ನಲ್ಲಿ ಮ್ಯಾಗ್ನಾ ಸ್ಟೇಯರ್ ಬೇರೆ ಬ್ರ್ಯಾಂಡ್‌ಗಳಿಗೆ ಪೂರ್ತಿ ಕಾರನ್ನೇ ಮಾಡಿಕೊಡತ್ತೆ, ಮರ್ಸಿಡಿಸ್ ಜಿ-ಕ್ಲಾಸ್ ಅಲ್ಲೇ ತಯಾರಾಗೋದು. ಅಂದ್ರೆ ಸಪ್ಲೈಯರ್ ಗಟ್ಟಿಯಾದಷ್ಟೂ ಹೊಸಬರಿಗೆ ಬಾಗಿಲು ತೆರೆಯತ್ತೆ, ಎರಡು ಬಾಕ್ಸ್‌ಗಳು ಬೇರೆ ಬೇರೆ ಅಂತ ಅನ್ಕೊಂಡ್ರೆ ಇದು ಕಾಣೋದೇ ಇಲ್ಲ.

ಗಿರಾಕಿಗಳನ್ನ ಎರಡು ಗುಂಪು ಮಾಡಿ. ಒಂದೇ ಕಾರು ತಗೊಳ್ಳೋರಿಗೆ ಚೌಕಾಸಿ ಶಕ್ತಿ ಕಮ್ಮಿ, ಆದ್ರೆ ಬ್ರ್ಯಾಂಡ್ ಬದಲಾಯ್ಸೋಕೆ ಖರ್ಚೂ ಇಲ್ಲ. ಬಾಡಿಗೆ ಕಂಪನಿ, ಲೀಸಿಂಗ್ ಕಂಪನಿ ಥರ ಸಾವಿರಾರು ಗಾಡಿ ಒಟ್ಟಿಗೆ ತಗೊಳ್ಳೋರಿಗೆ ಚೌಕಾಸಿ ಶಕ್ತಿಯೂ ಇದೆ, ಬ್ರ್ಯಾಂಡ್ ಬದಲಾಯ್ಸೋ ಅನುಕೂಲವೂ ಇದೆ. ಬದಲಿ ದಾರಿ ಅಂದ್ರೆ ಬರೀ ಬಸ್ಸು, ಮೆಟ್ರೋ, ಕ್ಯಾಬ್ ಆ್ಯಪ್ ಅಷ್ಟೇ ಅಲ್ಲ, ಹಳೇ ಕಾರನ್ನೇ ಇನ್ನೂ ಎರಡು ವರ್ಷ ಓಡ್ಸೋದೂ ಹೊಸ ಕಾರಿಗೆ ಬದಲಿನೇ. ಸೆಕೆಂಡ್ ಹ್ಯಾಂಡ್ ರೇಟ್ ಹೇಗಿದೆ ಅಂತ ತಪ್ಪದೆ ನೋಡಿ.

ಹಂತ 4: ಸಪ್ಲೈಯರ್ ನಕ್ಷೆ ಬರೀರಿ, ಟಿಯರ್ 1ಕ್ಕೆ ನಿಲ್ಲಿಸ್ಬೇಡಿ

ಕಾರ್ ಕಂಪನಿಗೆ ನೇರವಾಗಿ ಕೊಡೋರು ಟಿಯರ್ 1: ಬಾಷ್, ಡೆನ್ಸೋ, ಝಡ್‌ಎಫ್, ಮ್ಯಾಗ್ನಾ, ಐಸಿನ್ ಥರದವರು. ಅವರಿಗೆ ಕೊಡೋರು ಟಿಯರ್ 2, ಅವರಿಗೆ ಕೊಡೋರು ಟಿಯರ್ 3, ಹೀಗೇ ಕೆಳಗೆ ಕೆಮಿಕಲ್, ಲೋಹದ ತನಕ. ಒಂದು ಕಾರಲ್ಲಿ ಸಾವಿರಾರು ಪಾರ್ಟ್ ಇರತ್ತೆ, ಎಲ್ಲಾ ನೋಡೋಕಾಗಲ್ಲ, ಹದಿನೈದಿಪ್ಪತ್ತು ಆರಿಸಿ ಒಂದು ಶೀಟಲ್ಲಿ ಬರ್ಕೊಳ್ಳಿ. ಆರಿಸೋವಾಗ ರೇಟ್ ಜಾಸ್ತಿ ಇರೋದನ್ನೇ ಆರಿಸ್ಬೇಡಿ, ಅರ್ಧಕ್ಕರ್ಧ ಅಗ್ಗದ ಪಾರ್ಟ್‌ಗಳಿರ್ಲಿ.

ಕೆಳಗಿನ ಟಿಯರ್ ಯಾಕೆ ಮುಖ್ಯ ಅನ್ನೋದಕ್ಕೆ 2012 ನೋಡಿ. ಮಾರ್ಚ್ 31ಕ್ಕೆ ಜರ್ಮನಿಯ ಮಾರ್ಲ್‌ನಲ್ಲಿ ಇವೋನಿಕ್ ಕಂಪನಿಯ ಕೆಮಿಕಲ್ ಪ್ಲಾಂಟ್‌ನಲ್ಲಿ ಸ್ಫೋಟ ಆಗಿ ಇಬ್ಬರು ಕಾರ್ಮಿಕರು ತೀರಿಕೊಂಡ್ರು. ಅಲ್ಲಿ ತಯಾರಾಗ್ತಿದ್ದಿದ್ದು ಸಿಡಿಟಿ ಅನ್ನೋ ಕೆಮಿಕಲ್, ಅದರಿಂದ ಪಿಎ-12 ಅನ್ನೋ ನೈಲಾನ್, ಅದರಿಂದ ಕಾರಿನ ಫ್ಯೂಯಲ್ ಲೈನ್, ಬ್ರೇಕ್ ಲೈನ್. ಫ್ಯೂಯಲ್ ಲೈನ್‌ಗೆ ಇಬ್ಬರು ಮೂವರು ಸಪ್ಲೈಯರ್ ಇದಾರೆ ಅಂತ ನೆಮ್ಮದಿಯಾಗಿದ್ದ ಕಂಪನಿಗಳಿಗೆ ಆಗ ಗೊತ್ತಾಯ್ತು, ಎಲ್ಲರ ಬೇರೂ ಒಂದೇ ಕಡೆ ಹೋಗಿ ಸೇರತ್ತೆ ಅಂತ. ಏಪ್ರಿಲ್‌ನಲ್ಲಿ ಪರಸ್ಪರ ಎದುರಾಳಿಗಳೇ ಡೆಟ್ರಾಯ್ಟ್ ಹತ್ರ ಒಂದೇ ರೂಮಲ್ಲಿ ಕೂತು ಬದಲಿ ಪ್ಲಾಸ್ಟಿಕ್ ಬಗ್ಗೆ ಚರ್ಚೆ ಮಾಡ್ಬೇಕಾಯ್ತು.

ಹಾಗೇ ಕಾರ್ಮಿಕರ ಯೂನಿಯನ್ ಕೂಡ ಸಪ್ಲೈಯರ್ ಅಂತಲೇ ನಕ್ಷೆಗೆ ಹಾಕಿ, ದುಡಿಮೆ ಕೊಡೋರು ಅವರೇ ಅಲ್ವಾ. 2023ರ ಸೆಪ್ಟೆಂಬರ್‌ನಲ್ಲಿ ಅಮೆರಿಕದ ಕಾರ್ ಕಾರ್ಮಿಕರ ಯುಎಡಬ್ಲ್ಯು ಯೂನಿಯನ್ ಜಿಎಂ, ಫೋರ್ಡ್, ಸ್ಟೆಲಾಂಟಿಸ್ ಮೂರರ ಮೇಲೂ ಒಟ್ಟಿಗೆ ಮುಷ್ಕರ ಹೂಡಿ ಆರು ವಾರದಲ್ಲಿ 25% ಮೂಲ ಸಂಬಳ ಏರಿಕೆಯ ಒಪ್ಪಂದ ಮಾಡಿಸ್ಕೊಳ್ತು.

ಹಂತ 5: ಒಂದೊಂದು ಪಾರ್ಟ್‌ಗೂ ಎರಡು ನಂಬರ್ ಹಾಕಿ

ಇಡೀ ಗೈಡ್‌ನಲ್ಲಿ ಒಂದೇ ಹಂತ ಮಾಡ್ತೀನಿ ಅಂದ್ರೂ ಇದನ್ನ ಮಾಡಿ. ಮೊದಲನೇ ನಂಬರ್: ಈ ಸಪ್ಲೈಯರ್ ನಾಳೆ ಬೆಳಿಗ್ಗೆ ಕೊಡೋದು ನಿಲ್ಲಿಸಿದ್ರೆ ಎಷ್ಟು ದಿನಕ್ಕೆ ಸ್ಟಾಕ್ ಇದೆ? ಎರಡನೇದು: ಬೇರೆಯವರಿಂದ ಅದೇ ಪಾರ್ಟ್ ತಂದು, ಟೆಸ್ಟ್ ಮಾಡಿ, ಲೈನ್‌ಗೆ ಹಾಕೋಕೆ ಎಷ್ಟು ದಿನ ಬೇಕು? ಎರಡರ ನಡುವಿನ ಅಂತರ ಇದ್ಯಲ್ಲ, ಸಪ್ಲೈಯರ್ ಪವರ್ ಇರೋದು ಅಲ್ಲೇ. ಪಾರ್ಟ್ ರೇಟು ಎಷ್ಟು ಅನ್ನೋದು ಈ ಲೆಕ್ಕದಲ್ಲಿ ಬರೋದೇ ಇಲ್ಲ ಗಮನಿಸಿ.

1997ರ ಫೆಬ್ರವರಿ 1, ಶನಿವಾರ ಬೆಳಗಿನ ಜಾವ, ಜಪಾನಿನ ಕರಿಯಾದಲ್ಲಿ ಐಸಿನ್ ಫ್ಯಾಕ್ಟರಿಗೆ ಬೆಂಕಿ ಬಿತ್ತು. ಅಲ್ಲಿ ತಯಾರಾಗ್ತಿದ್ದಿದ್ದು ಪಿ-ವಾಲ್ವ್, ಬ್ರೇಕ್ ಹಾಕಿದಾಗ ಹಿಂದಿನ ಚಕ್ರ ಲಾಕ್ ಆಗ್ದಂಗೆ ಒತ್ತಡ ಹಂಚೋ ಒಂದು ಚಿಕ್ಕ ಲೋಹದ ಪಾರ್ಟು. ಟೊಯೋಟಾಗೆ ಬೇಕಾದ ಪಿ-ವಾಲ್ವ್ ಹೆಚ್ಚುಕಮ್ಮಿ ಎಲ್ಲಾ ಅಲ್ಲಿಂದಲೇ ಬರ್ತಿತ್ತು, ಜಸ್ಟ್ ಇನ್ ಟೈಮ್ ಪದ್ಧತಿ (ಪಾರ್ಟ್ ಬೇಕಾದ ಹೊತ್ತಿಗಷ್ಟೇ ತರಿಸೋದು) ಆದ್ದರಿಂದ ಸ್ಟಾಕ್ ಇದ್ದಿದ್ದು ಲೈನ್‌ನಲ್ಲಿ ಕೆಲವು ಗಂಟೆಗೆ, ದಾರಿಲಿರೋ ಲಾರಿಗಳಲ್ಲಿ ಇನ್ನೊಂಚೂರು. ಮುಂದಿನ ವಾರ ಶುರುವಾಗ್ತಿದ್ದಂಗೆ ಟೊಯೋಟಾದ ಜಪಾನ್ ಫ್ಯಾಕ್ಟರಿಗಳು ಒಂದೊಂದೇ ನಿಂತ್ವು. ವಿಶೇಷ ಅಂದ್ರೆ ಚೇತರಿಕೆ ಕೂಡ ಅಷ್ಟೇ ಬೇಗ ಆಯ್ತು: ಐಸಿನ್ ತನ್ನ ಡ್ರಾಯಿಂಗ್‌ಗಳನ್ನ ಎಲ್ಲರಿಗೂ ಕೊಡ್ತು, ಹತ್ತಾರು ಕಂಪನಿಗಳು, ಹೊಲಿಗೆ ಮಷಿನ್‌ಗೆ ಹೆಸರಾದ ಬ್ರದರ್ ಕೂಡ ಸೇರಿ, ತಮ್ಮ ತಮ್ಮ ಮಷಿನ್‌ಗಳಲ್ಲಿ ವಾಲ್ವ್ ಕೊರೆದು ಕಳಿಸಿದ್ವು, ಕೆಲವೇ ದಿನಕ್ಕೆ ಲೈನ್‌ಗಳು ಮತ್ತೆ ಓಡಿದ್ವು. ಎರಡು ನಂಬರ್ ಹಾಕಿ ನೋಡಿ: ಸ್ಟಾಕ್ ಬಹಳ ಕಮ್ಮಿ, ಆದ್ರೆ ಬದಲಿ ವ್ಯವಸ್ಥೆಗೂ ದಿನಗಳು ಸಾಕಾಯ್ತು, ಯಾಕಂದ್ರೆ ಅದು ಸಾಮಾನ್ಯ ಮಷಿನಿಂಗ್‌ನಿಂದ ಮಾಡಬಹುದಾದ ಪಾರ್ಟು, ಸಂಬಂಧವೂ ಚೆನ್ನಾಗಿತ್ತು.

ಚಿಪ್‌ಗೆ ಅದೇ ಲೆಕ್ಕ ಹಾಕಿ. ಹೊಸ ಫ್ಯಾಬ್ (ಚಿಪ್ ಫ್ಯಾಕ್ಟರಿ) ಕಟ್ಟೋಕೆ ವರ್ಷಗಳು ಬೇಕು, ಇರೋ ಫ್ಯಾಬ್‌ನಲ್ಲಿ ಒಂದು ಬ್ಯಾಚ್ ಹೊರಗೆ ಬರೋಕೇ ತಿಂಗಳುಗಟ್ಲೆ ಹಿಡಿಯತ್ತೆ, ಬೇರೆ ಚಿಪ್ ಹಾಕ್ತೀನಿ ಅಂದ್ರೆ ಸಾಫ್ಟ್‌ವೇರ್ ತಿದ್ದಿ ಮತ್ತೆ ಸೇಫ್ಟಿ ಟೆಸ್ಟ್ ಮಾಡ್ಬೇಕು. ಅಂತರ ಎಷ್ಟು ದೊಡ್ಡದು ನೋಡಿ, ಅದೂ ಕೆಲವು ಡಾಲರ್ ಬೆಲೆಯ ಮೈಕ್ರೋಕಂಟ್ರೋಲರ್ ಅನ್ನೋ ಪುಟ್ಟ ಚಿಪ್‌ಗೆ.

ಹಂತ 6: ಯಾರಿಗೆ ಯಾರು ಜಾಸ್ತಿ ಬೇಕು ಅಂತ ಎರಡೂ ಕಡೆಯಿಂದ ನೋಡಿ

ಅಂತರ ದೊಡ್ಡದಿದ್ದ ಮಾತ್ರಕ್ಕೆ ಸಪ್ಲೈಯರ್ ಅದನ್ನ ಬಳಸ್ತಾನೆ ಅಂತಲ್ಲ, ಅವನ ವ್ಯಾಪಾರವೂ ಇದೇ ಗಿರಾಕಿ ಮೇಲೆ ನಿಂತಿದ್ರೆ ಕೈ ಕಟ್ಟಿರತ್ತೆ. ಇದನ್ನ ತಿಳ್ಕೊಳ್ಳೋಕೆ ಸಪ್ಲೈಯರ್‌ನ ಆನ್ಯುಯಲ್ ರಿಪೋರ್ಟ್ ತೆಗೀರಿ. ಐಎಫ್‌ಆರ್‌ಎಸ್ ಅನ್ನೋ ಅಂತರರಾಷ್ಟ್ರೀಯ ಅಕೌಂಟಿಂಗ್ ನಿಯಮ ಆಗ್ಲಿ ಅಮೆರಿಕದ ಅಕೌಂಟಿಂಗ್ ನಿಯಮ ಆಗ್ಲಿ, ಒಬ್ಬನೇ ಗಿರಾಕಿಯಿಂದ 10% ಅಥವಾ ಜಾಸ್ತಿ ಆದಾಯ ಬರ್ತಿದ್ರೆ ಅದನ್ನ ಹೇಳ್ಲೇಬೇಕು. ಹೆಸರು ಹೇಳೋದು ಕಡ್ಡಾಯ ಅಲ್ಲ, ಆದ್ರೂ ಸುಮಾರು ಟಿಯರ್ 1 ಕಂಪನಿಗಳು ಹೇಳ್ತವೆ. ಸೆಗ್ಮೆಂಟ್ ಟಿಪ್ಪಣಿಗಳ ಕೊನೇಲಿ ಹುಡುಕಿ.

ಚಿಪ್ ವಿಷಯದಲ್ಲಿ ಇದೇ ಲೆಕ್ಕ ಕಾರ್ ಕಂಪನಿಗಳನ್ನ ಮುಳುಗಿಸಿದ್ದು. 2020ರಲ್ಲಿ ತೈವಾನಿನ ದೊಡ್ಡ ಚಿಪ್ ತಯಾರಕ ಟಿಎಸ್‌ಎಂಸಿ ಆದಾಯದಲ್ಲಿ ಆಟೋಮೋಟಿವ್ ಪಾಲು 3%ರ ಆಸುಪಾಸು, ಸ್ಮಾರ್ಟ್‌ಫೋನ್ ಪಾಲು ಅರ್ಧದ ಹತ್ರ. ಕೋವಿಡ್ ಶುರುವಲ್ಲಿ ಕಾರ್ ಕಂಪನಿಗಳು ಆರ್ಡರ್ ಕ್ಯಾನ್ಸಲ್ ಮಾಡಿದ್ವು, ಆ ಕೆಪಾಸಿಟಿ ಲ್ಯಾಪ್‌ಟಾಪ್, ಫೋನ್ ಕಡೆ ಹೋಯ್ತು, ಕಾರ್ ಡಿಮ್ಯಾಂಡ್ ವಾಪಸ್ ಬಂದಾಗ ಕ್ಯೂನಲ್ಲಿ ಕೊನೇಲಿ ನಿಲ್ಬೇಕಾಯ್ತು. ಬ್ರೇಕ್ ಸಪ್ಲೈಯರ್ ಮುಂದೆ ರಾಜ ಆಗಿರೋ ಕಂಪನಿ ಫ್ಯಾಬ್ ಮುಂದೆ ಸಣ್ಣ ಗಿರಾಕಿ.

ಫೋಕ್ಸ್‌ವ್ಯಾಗನ್ ಕಥೆ ಇನ್ನೂ ಹತ್ತಿರದಿಂದ ನೋಡೋಂಥದ್ದು. 2016ರ ಆಗಸ್ಟ್‌ನಲ್ಲಿ ಅದಕ್ಕೆ ಪಾರ್ಟ್ ಕೊಡ್ತಿದ್ದ ಪ್ರಿವೆಂಟ್ ಗ್ರೂಪ್‌ನ ಎರಡು ಕಂಪನಿಗಳು, ಸೀಟ್ ಕವರ್ ಮಾಡೋ ಕಾರ್ ಟ್ರಿಮ್, ಗೇರ್‌ಬಾಕ್ಸ್‌ಗೆ ಎರಕದ ಪಾರ್ಟ್ ಮಾಡೋ ಇಎಸ್ ಆಟೋಮೊಬಿಲ್‌ಗುಸ್, ಕ್ಯಾನ್ಸಲ್ ಆದ ಒಂದು ಕಾಂಟ್ರಾಕ್ಟ್‌ಗೆ ಪರಿಹಾರ ಕೊಡಿ ಅಂತ ಡೆಲಿವರಿ ನಿಲ್ಲಿಸಿದ್ವು. ಆಗ ವರ್ಷಕ್ಕೆ ಸುಮಾರು ಒಂದು ಕೋಟಿ ಗಾಡಿ ಮಾರ್ತಿದ್ದ ಫೋಕ್ಸ್‌ವ್ಯಾಗನ್ ಗ್ರೂಪ್‌ನ ವೋಲ್ಫ್ಸ್‌ಬರ್ಗ್ ಫ್ಯಾಕ್ಟರೀಲಿ ಗಾಲ್ಫ್ ಕಾರಿನ ಲೈನ್ ನಿಂತೋಯ್ತು, ಹೆಚ್ಚುಕಮ್ಮಿ 28,000 ಕೆಲಸಗಾರರಿಗೆ ತಟ್ತು. ಕೋರ್ಟ್ ಆದೇಶ ಇದ್ರೂ ಪಾರ್ಟ್ ಬರ್ಲಿಲ್ಲ, ರಾತ್ರಿಯೆಲ್ಲಾ ಕೂತು ಮಾತಾಡಿ ಒಪ್ಪಂದ ಮಾಡ್ಕೊಂಡ್ರು. ಎರಡು ವರ್ಷ ಆದ್ಮೇಲೆ, 2018ರಲ್ಲಿ, ಫೋಕ್ಸ್‌ವ್ಯಾಗನ್ ಆ ಗ್ರೂಪ್ ಜೊತೆ ಕಾಂಟ್ರಾಕ್ಟ್ ಕಡಿದು ಹಾಕ್ತು. ಸೀಟ್ ಕವರ್ ಪವರ್ 'ಲೋ' ಅಂತ ಬರೆಯೋಕೆ ಮುಂಚೆ ಇದು ನೆನಪಿರ್ಲಿ, ಜೊತೆಗೆ ಇಂಥ ಪವರ್ ಒಂದು ಸಲ ಬಳಸಿದ್ರೆ ಗಿರಾಕಿ ಕೈ ತಪ್ಪತ್ತೆ ಅನ್ನೋದೂ.

ಹಂತ 7: ಮಾರ್ಜಿನ್ ನೋಡಿ ಖಾತ್ರಿ ಮಾಡ್ಕೊಳ್ಳಿ

ಪವರ್ ಇದೆ ಅಂತ ನೀವು ಹೇಳೋದು ಸರಿನಾ ಅಂತ ಚೆಕ್ ಮಾಡೋಕೆ ಕಚ್ಚಾವಸ್ತು ರೇಟ್ ಜಿಗಿದ ವರ್ಷ ತಗೊಳ್ಳಿ, 2021, 2022 ಅದಕ್ಕೆ ಹೇಳಿಮಾಡಿಸಿದಂಗಿದೆ. ಸ್ಟೀಲ್, ಅಲ್ಯುಮಿನಿಯಂ ರೇಟ್ ಏರಿದಾಗ ಯಾರ ಗ್ರಾಸ್ ಮಾರ್ಜಿನ್ (ಆದಾಯದಲ್ಲಿ ತಯಾರಿಕೆ ಖರ್ಚು ಕಳೆದು ಉಳಿಯೋ ಪಾಲು) ಬಿತ್ತು, ಯಾರದ್ದು ನಿಂತ್ಕೊಳ್ತು? ಏರಿಕೆಯನ್ನ ಗಿರಾಕಿ ಮೇಲೆ ಹಾಕೋಕಾದವನಿಗೆ ಪವರ್ ಇದೆ, ಒಳಗೇ ನುಂಗ್ಕೊಂಡವನಿಗೆ ಇಲ್ಲ. ಸ್ಟೀಲ್ ಕಂಪನಿ, ಟಿಯರ್ 1, ಕಾರ್ ಕಂಪನಿ ಮೂರರದ್ದೂ ಐದು ವರ್ಷದ ಮಾರ್ಜಿನ್ ಪಕ್ಕಪಕ್ಕ ಇಟ್ರೆ ಮಧ್ಯದವನು ಎರಡೂ ಕಡೆ ಒತ್ತಿಸ್ಕೊಂಡಿರೋದು ಎಷ್ಟೋ ಸಲ ಕಣ್ಣಿಗೆ ಕಾಣತ್ತೆ. ಪ್ರತಿ ವರ್ಷ ಇಷ್ಟು ಪರ್ಸೆಂಟ್ ರೇಟ್ ಇಳಿಸ್ತೀನಿ ಅಂತ ಕಾಂಟ್ರಾಕ್ಟಲ್ಲೇ ಬರ್ಕೊಟ್ಟಿರ್ತಾನೆ ಪಾಪ.

ರಿಪೇರಿ ಖರ್ಚು ಯಾರ ಮೇಲೆ ಬಿತ್ತು ಅನ್ನೋದೂ ಒಳ್ಳೆ ಟೆಸ್ಟು. 2021ರಲ್ಲಿ ಜಿಎಂನ ಎಲೆಕ್ಟ್ರಿಕ್ ಕಾರು ಷೆವ್ರೋಲೆ ಬೋಲ್ಟ್ ಬ್ಯಾಟರಿ ರೀಕಾಲ್ ಆದಾಗ (ದೋಷ ಸರಿಮಾಡೋಕೆ ಗಾಡಿಗಳನ್ನ ವಾಪಸ್ ಕರೆಸಿದಾಗ) ಬ್ಯಾಟರಿ ಕೊಟ್ಟಿದ್ದ ಎಲ್‌ಜಿ 190 ಕೋಟಿ ಡಾಲರ್ ತನಕ ಜಿಎಂಗೆ ಕಟ್ಟಿಕೊಡೋಕೆ ಒಪ್ಕೊಳ್ತು.

ಹಂತ 8: ದುರ್ಬಲ ಸಪ್ಲೈಯರ್ ಅಂದ್ರೆ ಸೇಫ್ ಅಂತ ಬರೀಬೇಡಿ

ಫೈವ್ ಫೋರ್ಸಸ್ ಪಾಠದಲ್ಲಿ ಸಪ್ಲೈಯರ್ ಪವರ್ ಕಮ್ಮಿ ಇದ್ದಷ್ಟೂ ಒಳ್ಳೇದು ಅಂತ ಇರತ್ತೆ. ಕಾರ್ ಇಂಡಸ್ಟ್ರೀಲಿ ಇದು ಅರ್ಧ ಸತ್ಯ. ಹಿಂಡಿ ಹಿಂಡಿ ಸಪ್ಲೈಯರ್ ಬಿದ್ದೋದ್ರೆ ನಿಲ್ಲೋದು ಇವರ ಲೈನೇ. ಪಾರ್ಟ್ ಮಾಡ್ತಿದ್ದ ಡೆಲ್ಫಿ 2005ರಲ್ಲಿ ದಿವಾಳಿ ಆದಾಗ ಅದನ್ನ 1999ರಲ್ಲಿ ಬೇರೆ ಕಂಪನಿ ಮಾಡಿ ಹೊರಗೆ ಹಾಕಿದ್ದ ಜಿಎಂಗೇ ಮತ್ತೆ ಕೋಟ್ಯಂತರ ಡಾಲರ್ ಹೊರೆ ಬಂತು. ಏರ್‌ಬ್ಯಾಗ್ ಮಾಡ್ತಿದ್ದ ತಕಾತಾ 2017ರಲ್ಲಿ ದಿವಾಳಿ ಅರ್ಜಿ ಹಾಕಿದಾಗ ರೀಕಾಲ್ ಖರ್ಚಿನ ದೊಡ್ಡ ಪಾಲು ಕಾರ್ ಕಂಪನಿಗಳ ತಲೆಗೇ ಬಂತು. ಹಾಗಾಗಿ ನಿಮ್ಮ ಶೀಟಲ್ಲಿ ಸಪ್ಲೈಯರ್‌ನ ಸಾಲ, ಕ್ಯಾಶ್ ಎಷ್ಟಿದೆ ಅಂತ ಒಂದು ಕಾಲಂ ಸೇರಿಸಿ. ಅಂತರ ದೊಡ್ಡದು, ಸಪ್ಲೈಯರ್ ಬಡವ, ಹೀಗಿರೋ ಪಾರ್ಟ್‌ಗೆ ಕೆಂಪು ಬಣ್ಣ ಹಾಕಿ, ಪ್ರಬಲ ಸಪ್ಲೈಯರ್‌ಗಿಂತ ಇದೇ ಅಪಾಯ.

ಹಂತ 9: ಕಾರ್ ಕಂಪನಿ ಏನು ಮಾಡ್ತಿದೆ ಅಂತ ಎದುರು ಕಾಲಂನಲ್ಲಿ ಬರೀರಿ

ಪ್ರತಿ ಪಾರ್ಟ್‌ಗೂ ಕಂಪನಿ ಆ ಅಂತರ ಕಮ್ಮಿ ಮಾಡೋಕೆ ಏನು ಮಾಡಿದೆ? ಎರಡು ಕಡೆಯಿಂದ ತರಿಸ್ತಿದ್ಯಾ, ಡೈ ಮತ್ತು ಟೂಲಿಂಗ್ (ಆ ಪಾರ್ಟ್‌ಗೇ ಅಂತ ಮಾಡಿಸಿದ ಸಲಕರಣೆ) ಕಾರ್ ಕಂಪನಿ ಹೆಸರಲ್ಲೇ ಇದ್ಯಾ (ಇದ್ರೆ ಬೇರೆ ಸಪ್ಲೈಯರ್ ಹತ್ರ ಎತ್ಕೊಂಡು ಹೋಗ್ಬಹುದು), ಸ್ಟೀಲ್ ತಾನೇ ಕೊಂಡು ಸಪ್ಲೈಯರ್‌ಗೆ ಕೊಡ್ತಿದ್ಯಾ, ಚಿಪ್ ಕಂಪನಿ ಜೊತೆ ನೇರ ಕಾಂಟ್ರಾಕ್ಟ್ ಇದ್ಯಾ. ಒಂದೊಂದಕ್ಕೂ ಖರ್ಚಿದೆ: ಎರಡು ಸಪ್ಲೈಯರ್ ಅಂದ್ರೆ ಎರಡು ಸೆಟ್ ಟೂಲಿಂಗ್, ವಾಲ್ಯೂಮ್ ಡಿಸ್ಕೌಂಟ್ ಹೋಗತ್ತೆ. ತಾನೇ ಮಾಡ್ಕೊಳ್ಳೋದು ಇನ್ನೊಂದು ದಾರಿ. ಬಿವೈಡಿ 1995ರಲ್ಲಿ ಬ್ಯಾಟರಿ ಕಂಪನಿಯಾಗಿ ಶುರುವಾಗಿ 2003ರಲ್ಲಿ ಕಾರಿಗೆ ಬಂದಿದ್ದು, ಅದಕ್ಕೆ ಬ್ಯಾಟರಿ ಸಪ್ಲೈಯರ್ ಪವರ್ ಅನ್ನೋ ಪ್ರಶ್ನೆ ಬಹುಪಾಲು ಇಲ್ಲ. ಬೇರೆಯವರಿಗೆ ಇದೆ, 2024ರಲ್ಲಿ ಎಲೆಕ್ಟ್ರಿಕ್ ಗಾಡಿ ಬ್ಯಾಟರೀಲಿ ಮೂರರಲ್ಲೊಂದು ಪಾಲಿಗಿಂತ ಜಾಸ್ತಿ ಚೀನಾದ ಸಿಎಟಿಎಲ್ ಕಂಪನಿ ಒಂದರದ್ದೇ.

ಬೆದರಿಸಿ ರೇಟ್ ಇಳಿಸೋ ದಾರಿನೂ ಇದೆ. 1992ರಲ್ಲಿ ಜಿಎಂ ಪರ್ಚೇಸ್ ಮುಖ್ಯಸ್ಥ ಹೊಸೆ ಇಗ್ನಾಸಿಯೊ ಲೋಪೆಜ್ ಇದ್ದ ಕಾಂಟ್ರಾಕ್ಟ್‌ಗಳನ್ನೇ ಮತ್ತೆ ಹರಾಜಿಗಿಟ್ಟು ಮರುವರ್ಷ ಫೋಕ್ಸ್‌ವ್ಯಾಗನ್‌ಗೆ ಹೋದ್ರು. ಜಿಎಂಗೆ ತಕ್ಷಣ ಉಳಿತಾಯ ಆಯ್ತು ನಿಜ, ಸಪ್ಲೈಯರ್‌ಗಳ ನಂಬಿಕೆ ಮಾತ್ರ ಬಹಳ ವರ್ಷ ವಾಪಸ್ ಬರ್ಲಿಲ್ಲ. ಹೊಸ ಐಡಿಯಾ ಇದ್ದೋನು ಅದನ್ನ ಮೊದಲು ಯಾರ ಹತ್ರ ತಗೊಂಡು ಹೋಗ್ತಾನೆ ಅಂತ ಯೋಚ್ನೆ ಮಾಡಿ. ಸಂಬಂಧದ ಗುಣಮಟ್ಟಕ್ಕೂ ಶೀಟಲ್ಲಿ ಜಾಗ ಕೊಡಿ, ಐಸಿನ್ ಬೆಂಕಿ ದಿನ ಕೆಲಸಕ್ಕೆ ಬಂದಿದ್ದು ಅದೇ.

ಹಂತ 10: ಶೀಟನ್ನ ಯಾವಾಗ ಮತ್ತೆ ತೆಗೀಬೇಕು

ಬರ್ದಿಟ್ಟ ಅನಾಲಿಸಿಸ್ ಬೇಗ ಹಳೇದಾಗತ್ತೆ. 2025ರ ಏಪ್ರಿಲ್‌ನಲ್ಲಿ ಚೀನಾ ಏಳು ಅಪರೂಪದ ಲೋಹಗಳ ಮೇಲೆ ರಫ್ತು ಲೈಸೆನ್ಸ್ ಹಾಕಿದ್ದೇ ತಡ, ಮೋಟರ್‌ನಲ್ಲಿರೋ ಮ್ಯಾಗ್ನೆಟ್ ಅನ್ನೋ ಪಾರ್ಟ್‌ನ ಪವರ್ ಕೆಲವೇ ವಾರದಲ್ಲಿ ಬದಲಾಯ್ತು, ಮೇ ತಿಂಗಳಲ್ಲಿ ಫೋರ್ಡ್ ಚಿಕಾಗೋ ಫ್ಯಾಕ್ಟರಿ ಕೆಲವು ದಿನ ನಿಂತ್ಕೊಳ್ತು. ಹಾಗಾಗಿ ಸಪ್ಲೈಯರ್‌ಗಳು ಒಂದಾದಾಗ, ಒಬ್ಬರು ದಿವಾಳಿ ಆದಾಗ, ರಫ್ತು ನಿಯಮ ಬದಲಾದಾಗ, ದೊಡ್ಡ ಫ್ಯಾಕ್ಟರೀಲಿ ಬೆಂಕಿ ಅಥವಾ ಮುಷ್ಕರ ಆದಾಗ ಆ ಪಾರ್ಟ್‌ನ ಎರಡು ನಂಬರ್ ಮಾತ್ರ ಮತ್ತೆ ಹಾಕಿ, ಪೂರ್ತಿ ಶೀಟ್ ಕೆದಕೋದು ಬೇಡ. ಮಾರ್ಜಿನ್, 10% ಗಿರಾಕಿ, ಸಾಲದ ಕಾಲಂಗಳು ಆನ್ಯುಯಲ್ ರಿಪೋರ್ಟ್ ಬಂದಾಗ ವರ್ಷಕ್ಕೊಂದ್ಸಲ ತುಂಬಿದ್ರೆ ಸಾಕು, ಹೊಸ ಮಾಡೆಲ್ ಅನೌನ್ಸ್ ಆದಾಗ ಮಾತ್ರ ಪಾರ್ಟ್ ಪಟ್ಟಿಯನ್ನೇ ಮೊದಲಿಂದ ಆರಿಸ್ಬೇಕು, ಯಾಕಂದ್ರೆ ಸಪ್ಲೈಯರ್‌ಗಳು ಬದಲಾಗೋದು ಆ ಹೊತ್ತಲ್ಲೇ.